ಬಿಟ್ಟು ಬಂದ ಮೇಲೂ ಬಿಡದ ನಂಟು

‘ಅಷ್ಟು ಹೊಡೆತ ತಿಂದೂ ಮತ್ತೆ ಅವನ ಹತ್ತಿರವೇ ಹೋದಳಲ್ಲ!’ ಹೀಗೆ ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಆದರೆ ಅವಳ ಮನಸ್ಸಿನೊಳಗೆ ನಡೆಯುವುದು ಇಷ್ಟು ಸುಲಭದ್ದಲ್ಲ.

ರಾತ್ರಿ ಕೈ ಎತ್ತಿದವನು ಮರುದಿನ ಮಲ್ಲಿಗೆ ತರುತ್ತಾನೆ, ಅಳುತ್ತಾನೆ, ಮಗುವನ್ನು ತಾನೇ ಶಾಲೆಗೆ ಬಿಟ್ಟು ಬರುತ್ತಾನೆ. ಕೆಲವು ದಿನ ನೆಮ್ಮದಿ. ಆಮೇಲೆ ಗೇಟಿನ ಚಿಲಕದ ಸದ್ದಿನಲ್ಲೇ ಅವನ ಸಿಟ್ಟನ್ನು ಅಳೆಯಲು ಅವಳು ಕಲಿಯುತ್ತಾಳೆ. ತನಗೇನು ಬೇಕು ಎಂಬುದು ಮರೆತೇ ಹೋಗುತ್ತದೆ. ಇದಕ್ಕೆ ಸಹಾವಲಂಬನೆ ಎಂಬ ಹೆಸರಿದೆ. ಅಮೆರಿಕದಲ್ಲಿ ಕುಡುಕರ ಮನೆಯವರ ಬಗ್ಗೆ ಹುಟ್ಟಿದ ಈ ಮಾತು ಮನೋರೋಗಗಳ ಅಧಿಕೃತ ಪಟ್ಟಿಗೆ ಸೇರಿಲ್ಲ. ಸೇರದಿದ್ದುದೇ ಒಳ್ಳೆಯದಾಯಿತು, ಪೆಟ್ಟು ತಿಂದವಳಿಗೇ ರೋಗಿಯ ಪಟ್ಟ ಕಟ್ಟುವುದು ಅನ್ಯಾಯ.

ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಕಾಳಿಗಾಗಿ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂದು ಮನೋವಿಜ್ಞಾನಿ ಸ್ಕಿನ್ನರ್ ತೋರಿಸಿದ್ದರು. ಆಗೊಮ್ಮೆ ಈಗೊಮ್ಮೆ ಸಿಗುವ ಅಕ್ಕರೆಯೂ ಹೀಗೇ ಕಟ್ಟಿಹಾಕುತ್ತದೆ. ಸಂಶೋಧಕರಾದ ಡೊನಾಲ್ಡ್ ಡಟನ್ ಮತ್ತು ಸೂಸನ್ ಪೇಂಟರ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೌರ್ಜನ್ಯದ ಸಂಬಂಧದಿಂದ ಹೊರಬಂದ 75 ಮಹಿಳೆಯರನ್ನು 6 ತಿಂಗಳ ಬಳಿಕ ಮತ್ತೆ ಮಾತನಾಡಿಸಿದರು. ಬಿಟ್ಟು ಬಂದವನ ಮೇಲಿನ ಸೆಳೆತ ಇಳಿದದ್ದು ಸುಮಾರು ಶೇ. 27 ಮಾತ್ರ. ಅರ್ಧ ವರ್ಷ ಕಳೆದ ಮೇಲೂ ಅವನ ನೆನಪಾದರೆ, ಫೋನ್ ಎತ್ತಬೇಕೆನಿಸಿದರೆ, ಅದು ಗಾಯ ಇನ್ನೂ ಮಾಗುತ್ತಿರುವ ಲಕ್ಷಣ. ಬಿಟ್ಟು ಬಂದದ್ದು ತಪ್ಪಾಯಿತೆಂದು ಅವಳು ತಿಳಿಯಬೇಕಾಗಿಲ್ಲ.

ಮಾಗುವುದಕ್ಕೆ ಜಾಗವೂ ಬೇಕು. ಪ್ರದೀಪ್ ಪಾಂಡಾ, ಬೀನಾ ಅಗರ್ವಾಲ್ ಕೇರಳದಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನೆ-ಜಮೀನು ಎರಡೂ ಇಲ್ಲದ ಹೆಂಗಸರಲ್ಲಿ ಶೇ. 49 ಮಂದಿ ದೀರ್ಘಕಾಲ ಹೊಡೆತ ತಿಂದಿದ್ದರು. ಎರಡೂ ಇದ್ದವರಲ್ಲಿ ಶೇ. 7. ಹಿಂದೆ, ಆಸ್ತಿ ತಾಯಿಯ ಕಡೆಯಿಂದ ಬರುವ ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಹೆಣ್ಣಿಗೆ ತಾಯಿಮನೆಯಲ್ಲಿ ಪಾಲಿತ್ತು. ಇಂದು ‘ಸ್ವಲ್ಪ ಅನುಸರಿಸಿಕೊಂಡು ಹೋಗು ಮಗಾ’ ಎಂದು ತವರೇ ಅವಳನ್ನು ವಾಪಸು ಬಸ್ಸು ಹತ್ತಿಸುವುದನ್ನು ಕಂಡಾಗ ಸಂಕಟವಾಗುತ್ತದೆ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಂತೆ, ಅವನೊಂದಿಗೆ ಬಾಳಿದ ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅರ್ಜಿ ಬರೆಯಲು ಸಂರಕ್ಷಣಾಧಿಕಾರಿ ನೆರವಾಗುತ್ತಾರೆ. ಮಹಿಳಾ ಸಹಾಯವಾಣಿ 181. ಮನಸ್ಸಿನ ಮಾತು ಹೇಳಿಕೊಳ್ಳಲು ಟೆಲಿ ಮಾನಸ್ 14416. ಎರಡೂ ಉಚಿತ.