ಮೊದಲು ಗೂಡು, ಆಮೇಲೆ ಕೋಳಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಎರಡು ಎಮ್ಮೆಯೋ ಆಕಳೋ ಇರುವ ಮನೆಯ ಹಿತ್ತಲಲ್ಲಿ ಹತ್ತು ಕೋಳಿ ಸಾಕುವುದು ದೊಡ್ಡ ಭಾರವಲ್ಲ. ಚೆಲ್ಲಿದ ಕಾಳು, ಜೋಳದ ನುಚ್ಚು, ಸೆಗಣಿಯಲ್ಲಿನ ಹುಳು ತಿಂದು ಅವು ಅರ್ಧ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ದನದ ಮೈಯಿಂದ ಉದುರಿದ ಉಣ್ಣೆಗಳನ್ನೂ ಹೆಕ್ಕುತ್ತವೆ. ಮಕ್ಕಳಿಗೆ ಮೊಟ್ಟೆ ಸಿಗುತ್ತದೆ. ಉಳಿದದ್ದನ್ನು ಮಾರಿದರೆ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಸಂತೆಯ ಖರ್ಚಿಗೆ ನಾಲ್ಕು ಕಾಸು ಆಡುತ್ತದೆ.

ಆದರೂ ಎಷ್ಟೋ ಮನೆಗಳಲ್ಲಿ ಈ ಕೆಲಸ ಶುರುವಾದಷ್ಟೇ ಬೇಗ ನಿಂತುಹೋಗುತ್ತದೆ. ರಾತ್ರಿ ಎಣಿಸಿ ಮಲಗಿದ ಕೋಳಿ ಬೆಳಗಿಗೆ ಇರುವುದಿಲ್ಲ. ಕಾರಣ ಒಂದೇ: ಮರಿ ಮೊದಲು ತಂದು, ಗೂಡಿನ ಯೋಚನೆ ಆಮೇಲೆ ಮಾಡಿರುತ್ತೇವೆ.

ನಿಮ್ಮ ಹಿತ್ತಲಿಗೆ ಯಾರು ಬರುತ್ತಾರೆ?

ಕೋಳಿ ಇಲ್ಲದಾಗಲೂ ಹಿತ್ತಲಿಗೆ ಪ್ರಾಣಿಗಳು ಬರುತ್ತಲೇ ಇರುತ್ತವೆ. ನಮ್ಮ ಗಮನಕ್ಕೆ ಬಂದಿರುವುದಿಲ್ಲ, ಅಷ್ಟೇ. ಭೀಮಾ ಮತ್ತು ಕೃಷ್ಣಾ ದಂಡೆಯ ಕಬ್ಬಿನ ಗದ್ದೆಗಳು ನರಿ, ಕಾಡುಬೆಕ್ಕುಗಳಿಗೆ ಒಳ್ಳೆಯ ಅಡಗುತಾಣ. ನಿಂಬೆ ತೋಟದ ಬದುವಿನಲ್ಲಿ ಮುಂಗುಸಿ ಇರುತ್ತದೆ. ಹಳೆಯ ಕಲ್ಲಿನ ಗೋಡೆ, ಕುಳ್ಳಿನ ರಾಶಿ, ಕಣಿಕೆ ಬಣವೆಗಳಲ್ಲಿ ಇಲಿ, ಹೆಗ್ಗಣ. ಅವುಗಳ ಹಿಂದೆಯೇ ಹಾವು.

ಮರಿ ತರುವ ಮೊದಲು ಒಂದು ವಾರ ಸಂಜೆ ಗೋಡೆಯ ಬದಿಗೆ ತೆಳ್ಳಗೆ ಬೂದಿ ಉದುರಿಸಿ. ಬೆಳಿಗ್ಗೆ ಹೆಜ್ಜೆ ಗುರುತು ನೋಡಿದರೆ ಯಾರು, ಯಾವ ಕಡೆಯಿಂದ ಬರುತ್ತಾರೆ ಎಂಬುದು ತಿಳಿಯುತ್ತದೆ. ಈಗಾಗಲೇ ಕೋಳಿ ಕಳೆದುಕೊಂಡವರು ಈ ಗುರುತುಗಳನ್ನು ಗಮನಿಸಿ:

• ಹಲವು ಕೋಳಿ ಸತ್ತು, ತಿನ್ನದೆ ಬಿದ್ದು, ಎಲ್ಲೆಡೆ ಪುಕ್ಕ ಚೆಲ್ಲಿದ್ದರೆ: ಹೆಚ್ಚಾಗಿ ನಾಯಿ.
• ರಾತ್ರಿ ಇಡೀ ಕೋಳಿಯೇ ಮಾಯವಾಗಿ ನಾಲ್ಕು ಪುಕ್ಕ ಉಳಿದಿದ್ದರೆ: ಕಾಡುಬೆಕ್ಕು ಅಥವಾ ನರಿ.
• ಹಗಲಿನಲ್ಲೇ ಮರಿ, ಮೊಟ್ಟೆ ಹೋಗಿ, ಕುತ್ತಿಗೆ ಕಚ್ಚಿದ ಕೋಳಿ ಸಿಕ್ಕರೆ: ಮುಂಗುಸಿ.
• ಸಿಪ್ಪೆಯೂ ಉಳಿಯದಂತೆ ಮೊಟ್ಟೆ ಮಾಯವಾದರೆ: ಹಾವು ಇರಬಹುದು.
• ಗೂಡಿನ ಬುಡದಲ್ಲಿ ಬಿಲ ಕಂಡು ಮರಿ ಕಡಿಮೆಯಾದರೆ: ಹೆಗ್ಗಣ.
• ಬಯಲಲ್ಲಿ ಮೇಯುವ ಮರಿ ಹೋದರೆ: ಹದ್ದು ಅಥವಾ ಕಾಗೆ.

ಗೂಡು ಹೇಗಿರಬೇಕು?

ರಾತ್ರಿ ತಂಗಲು ಒಂದು ಕೋಳಿಗೆ ಎರಡು ಚದರ ಅಡಿ ಜಾಗ ಸಾಕು. ಹತ್ತು ಕೋಳಿಗೆ 5 ಅಡಿ ಉದ್ದ, 4 ಅಡಿ ಅಗಲದ ಗೂಡು ಕಟ್ಟಿ. ಬಣವೆ, ಕುಳ್ಳು, ಕಲ್ಲಿನ ಗುಡ್ಡೆಗಳಿಂದ ದೂರವಿರಲಿ, ಮನೆಯವರ ಕಣ್ಣಿಗೆ ಬೀಳುವಂತಿರಲಿ.

ತಳಕ್ಕೆ ಫರಸಿ ಕಲ್ಲು ಹಾಸಿ, ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ. ಹೊರಗೆ ಸುತ್ತಲೂ ಒಂದು ಅಡಿ ಅಗಲ ಕಲ್ಲು ಹಾಸಿದರೆ ಹೆಗ್ಗಣ, ನಾಯಿ ಕೆದರಿ ಒಳಗೆ ಬರಲಾರವು. ಬದಿಗಳಿಗೆ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿ ಜಾಳಿಗೆ ಹಾಕಿ. ದೊಡ್ಡ ಕಣ್ಣಿನ ತೆಳು ಕೋಳಿ ಜಾಳಿಗೆ ಕೋಳಿಯನ್ನು ಒಳಗಿಡುತ್ತದೆ, ಆದರೆ ಹಾವನ್ನು ಹೊರಗಿಡುವುದಿಲ್ಲ. ನಾಯಿ ಅದನ್ನು ಹರಿದೂ ಬಿಡುತ್ತದೆ. ಛಾವಣಿ ಮತ್ತು ಜಾಳಿಗೆಯ ನಡುವೆ ಬೆರಳು ತೂರುವಷ್ಟೂ ಸಂದು ಬೇಡ. ಬಾಗಿಲಿಗೆ ಹಗ್ಗದ ಗಂಟು ಸಾಲದು, ಕಬ್ಬಿಣದ ಚಿಲಕ ಬೇಕು. ಒಳಗೆ ಕೂರಲು ಅಡ್ಡ ಕೋಲು, ನಾಲ್ಕೈದು ಹೇಂಟೆಗಳಿಗೆ ಹುಲ್ಲು ಹಾಕಿದ ಒಂದು ಮೊಟ್ಟೆ ಪೆಟ್ಟಿಗೆ ಇರಲಿ.

ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಗೂಡಿಗೆ ಗಿಡದ ನೆರಳು, ಗಾಳಿ, ತಣ್ಣೀರು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊಸ ಮರಿ ತರಬೇಡಿ.

ಯಾವ ತಳಿ?

ಜವಾರಿ ಕೋಳಿ ಕಡಿಮೆ ಮೊಟ್ಟೆ ಇಡುತ್ತದೆ. ಆದರೆ ಚುರುಕು, ಅಪಾಯ ಕಂಡರೆ ಗಿಡ ಹತ್ತುತ್ತದೆ, ಕಾವಿಗೆ ಕೂತು ಮರಿ ಮಾಡಿ ಹದ್ದಿನಿಂದ ಕಾಯುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ, ಆದರೆ ಮೈಭಾರದಿಂದ ಓಟ ನಿಧಾನ. ಪಶುವೈದ್ಯಕೀಯ ವಿಶ್ವವಿದ್ಯಾಲಯವು 2005ರಲ್ಲಿ ಬಿಡುಗಡೆ ಮಾಡಿದ ಸ್ವರ್ಣಧಾರ ಅದಕ್ಕಿಂತ ಹಗುರ, ಮೊಟ್ಟೆಯೂ ಹೆಚ್ಚು. ಕಾಡುಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳುವುದೂ ಸುಲಭ. ಹೊಸಬರು ಎಂಟು ಸ್ವರ್ಣಧಾರದ ಜೊತೆ ಎರಡು ಜವಾರಿ ಹೇಂಟೆ ಇಟ್ಟುಕೊಂಡರೆ ಮೊಟ್ಟೆಯೂ ಆಯಿತು, ಕಾವಿಗೂ ಆಯಿತು.

ಮರಿಗಳನ್ನು ಮೊದಲ ನಾಲ್ಕು ವಾರ ಒಳಗೇ, ಬೆಚ್ಚಗೆ ಸಾಕಿ. ನಂತರ ಹಗಲಲ್ಲಿ ದೊಡ್ಡ ಬುಟ್ಟಿಯ ಕೆಳಗೆ ಬಿಟ್ಟು ಹಿತ್ತಲು ರೂಢಿ ಮಾಡಿಸಿ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಲಸೋಟಾ ಹನಿ, ಎಂಟನೇ ವಾರ ಚುಚ್ಚುಮದ್ದು ತಪ್ಪಿಸಬೇಡಿ. ನಡುವಿನ ಲಸಿಕೆಗಳನ್ನು ಪಶುವೈದ್ಯರಲ್ಲಿ ಕೇಳಿ ಹಾಕಿಸಿ.

ಹಿಂಡುವ ಹೊತ್ತಿಗೇ ಕೋಳಿ ಕೆಲಸ

ಹೈನುಗಾರರಿಗೆ ಒಂದು ಅನುಕೂಲವಿದೆ. ದಿನಕ್ಕೆ ಎರಡು ಸಲ ತಪ್ಪದೆ ದನದ ಹತ್ತಿರ ಹೋಗುತ್ತೇವೆ. ಬೆಳಿಗ್ಗೆ ಹಾಲು ಹಿಂಡಿ ಮುಗಿದ ಮೇಲೆ ಗೂಡು ತೆರೆಯಿರಿ. ಸಂಜೆ ಗೂಡಿನೊಳಗೆ ಒಂದು ಹಿಡಿ ಕಾಳು ಹಾಕಿ ಕರೆಯಿರಿ. ಕೆಲವೇ ದಿನಗಳಲ್ಲಿ ತಾವಾಗಿ ಬರುತ್ತವೆ. ಎಣಿಸಿ, ಚಿಲಕ ಹಾಕಿ. ಎರಡೂ ಹೊತ್ತು ಮೊಟ್ಟೆ ತೆಗೆಯಿರಿ. ಉಳಿದ ಕಾಳನ್ನು ರಾತ್ರಿ ಬಿಡಬೇಡಿ: ಕಾಳಿಗೆ ಇಲಿ, ಇಲಿಗೆ ಹಾವು ಬರುತ್ತದೆ.

ವಿಷ ಇಡಬೇಡಿ

ಕೋಳಿ ಹೋದ ಸಿಟ್ಟಿನಲ್ಲಿ ಕೆಲವರು ಬೆಳೆಗೆ ತಂದ ಕೀಟನಾಶಕವನ್ನು ಮಾಂಸಕ್ಕೆ ಸವರಿ ಇಡುತ್ತಾರೆ. ಅದನ್ನು ಮನೆಯ ನಾಯಿಯೂ ತಿನ್ನಬಹುದು, ಮಗುವೂ ಮುಟ್ಟಬಹುದು, ಮಳೆ ನೀರಿನಲ್ಲಿ ಹರಿದು ದನದ ಬಾಯಿಗೂ ಸೇರಬಹುದು. ಮುಂಗುಸಿ, ನರಿ, ಕಾಡುಬೆಕ್ಕು, ನಾಗರಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕೊಲ್ಲುವುದು ಅಪರಾಧ. ಮುಂಗುಸಿ, ಕೇರೆ ಹಾವು ಹೊಲದ ಇಲಿ ತಿನ್ನುವ ಪ್ರಾಣಿಗಳು. ಗೂಡು ಗಟ್ಟಿಯಿದ್ದರೆ ಅವು ಬಂದ ದಾರಿಯಲ್ಲೇ ಹೋಗುತ್ತವೆ.

ಇನ್ನೊಂದು ಮಾತು. ನಾಯಿ, ನರಿ, ಮುಂಗುಸಿಗಳಿಂದ ಹುಚ್ಚುನಾಯಿ ರೋಗ ಹರಡಬಹುದು. ದನವನ್ನೋ ಮನುಷ್ಯರನ್ನೋ ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ವೈದ್ಯರ ಬಳಿ ಹೋಗಿ. ಕಚ್ಚಿಸಿಕೊಂಡ ದನದ ಹಾಲನ್ನು ಪಶುವೈದ್ಯರು ಹೇಳುವವರೆಗೆ ಬಳಸಬೇಡಿ, ಸಂಘಕ್ಕೂ ಹಾಕಬೇಡಿ.

ದನಕ್ಕೂ ಕೋಳಿಗೂ ಅಂತರವಿರಲಿ

• ಹಾಲು ಹಿಂಡುವಾಗ ಕೊಟ್ಟಿಗೆಯಲ್ಲಿ ಕೋಳಿ ಇರಬಾರದು. ಪುಕ್ಕ, ಧೂಳು, ಹಿಕ್ಕೆ ಹಾಲಿಗೆ ಬಿದ್ದರೆ ಗುಣಮಟ್ಟ ಕೆಡುತ್ತದೆ.
• ಗೋದಲಿಯಲ್ಲಿ ಕೋಳಿ ಮಲಗಲು ಬಿಡಬೇಡಿ. ಹಿಕ್ಕೆ ಬಿದ್ದ ಮೇವಿನಿಂದ ದನಕ್ಕೆ ಭೇದಿ ಬರಬಹುದು.
• ಕೋಳಿಗೆ ಔಷಧಿ ಬೆರೆಸಿದ ನೀರನ್ನು ದನ ಕುಡಿಯದಂತೆ ನೋಡಿಕೊಳ್ಳಿ. ಔಷಧಿಯ ಅಂಶ ಹಾಲಿಗೆ ಬರಬಹುದು.
• ಕೋಳಿ ಆಹಾರದ ಚೀಲ ದನಕ್ಕೆ ಸಿಗಬಾರದು. ಒಮ್ಮೆಲೇ ಕಾಳು ತಿಂದ ದನಕ್ಕೆ ಹೊಟ್ಟೆ ಹುಳಿಯಾಗಿ ಜೀವಕ್ಕೇ ಕುತ್ತು ಬರುತ್ತದೆ.

ಹತ್ತು ಕೋಳಿಗಿಂತ ಮೊದಲು ಒಂದು ಗಟ್ಟಿ ಗೂಡಿಗೆ ಖರ್ಚು ಮಾಡಿ. ಗೂಡು ಸಿದ್ಧವಾದ ಮೇಲೆ ಒಂದು ರಾತ್ರಿ ಚಿಲಕ ಹಾಕಿ, ಸುತ್ತಲೂ ಬೂದಿ ಉದುರಿಸಿ. ಬೆಳಿಗ್ಗೆ ಹೆಜ್ಜೆ ಹೊರಗಷ್ಟೇ ಇದ್ದು, ಒಳಗೆ ಒಂದೂ ಇಲ್ಲದಿದ್ದರೆ ಮರಿ ತರಲು ಹೊರಡಿ.