ಏರುವ ಕಾಲು, ಇಳಿಯುವ ಗಾಲಿ

ಇಟಲಿಯ ವಾಯವ್ಯ ಕರಾವಳಿಯಲ್ಲಿ ಫಿನಾಲೆ ಲಿಗುರೆ ಎಂಬುದೊಂದು ಊರು. ಎದುರಿಗೆ ಕಡಲು, ಬೆನ್ನಿಗೆ ಸುಣ್ಣಕಲ್ಲಿನ ಗುಡ್ಡಗಳು. 2013ರಲ್ಲಿ ಮೊದಲಾದ ಎಂಡ್ಯೂರೋ ವಿಶ್ವ ಸರಣಿಯ ಆ ವರ್ಷದ ಕೊನೆಯ ಪಂದ್ಯ ನಡೆದುದು ಇಲ್ಲಿಯೇ. ಪುರುಷರಲ್ಲಿ ಫ್ರಾನ್ಸಿನ ಜೆರೋಮ್ ಕ್ಲೆಮೆಂಟ್ಸ್, ಮಹಿಳೆಯರಲ್ಲಿ ಇಂಗ್ಲೆಂಡಿನ ಟ್ರೇಸಿ ಮೋಸ್ಲಿ ಸರಣಿಯ ಪ್ರಶಸ್ತಿ ಪಡೆದರು.

ಸೈಕಲ್ ಪಂದ್ಯವೆಂದರೆ ಎಲ್ಲರಿಗಿಂತ ಮುಂಚೆ ಗುರಿ ಮುಟ್ಟುವುದೆಂದು ತಿಳಿಯುವುದು ವಾಡಿಕೆ. ಎಂಡ್ಯೂರೋದ ಲೆಕ್ಕವೇ ಬೇರೆ. ಏರುದಾರಿಯಲ್ಲಿ ಸ್ಪರ್ಧೆಯಿಲ್ಲ, ಗೊತ್ತುಮಾಡಿದ ಹೊತ್ತಿಗೆ ಮೇಲೆ ಸೇರಿದರಾಯಿತು. ಇಳಿಜಾರುಗಳಿಗೆ ಮಾತ್ರ ಗಡಿಯಾರ. ಅವೆಲ್ಲದರ ಕಾಲವನ್ನು ಕೂಡಿಸಿದಾಗ ಯಾರ ಮೊತ್ತ ಕಡಿಮೆಯೋ ಅವರೇ ವಿಜಯಿ. ಹೀಗಾಗಿ ಸೈಕಲ್ಲು ಏರುವಾಗ ಮೇಕೆಯಂತೆಯೂ ಇಳಿಯುವಾಗ ಗೂಳಿಯಂತೆಯೂ ಇರಬೇಕಾಗುತ್ತದೆ. ಆಯ್ಕೆಯ ಕಷ್ಟವೆಲ್ಲ ಇರುವುದು ಇಲ್ಲಿ.

ಬೆಟ್ಟವಿಳಿಯುವ ಈ ಹುಚ್ಚು ಹೊಸದೇನಲ್ಲ. 1976ರಲ್ಲಿ ಕ್ಯಾಲಿಫೋರ್ನಿಯದ ಮರೀನ್ ಪ್ರಾಂತದ ತರುಣರು ಹಳೆಯ ಸೈಕಲ್ಲುಗಳನ್ನೇ ಗುಡ್ಡದ ಮೇಲಿಂದ ಓಡಿಸಿ ಪಂದ್ಯ ಹೂಡಿದರು. ಹಿಂಗಾಲಿಯ ಬ್ರೇಕು ಕಾದು ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬದೆ ಗತಿಯಿರಲಿಲ್ಲ. ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂದುದೇ ಇದರಿಂದ. ಇಂದು ಆ ಕೆಲಸವನ್ನು ಸುಮಾರು 200 ಮಿಲಿಮೀಟರ್ ವ್ಯಾಸದ ಡಿಸ್ಕ್ ಬ್ರೇಕುಗಳು ಮಾಡುತ್ತವೆ.

ಕೊಳ್ಳುವವನು ಸಾಮಾನ್ಯವಾಗಿ ಎಡವುವುದು ಸ್ಪ್ರಿಂಗಿನ ವಿಷಯದಲ್ಲಿ. ಗಾಲಿ ಎಷ್ಟು ಹೆಚ್ಚು ಕುಣಿದರೆ ಅಷ್ಟು ಒಳ್ಳೆಯದೆಂಬ ಭ್ರಮೆ. ಎಂಡ್ಯೂರೋಗೆ 150ರಿಂದ 170 ಮಿಲಿಮೀಟರ್ ಚಲನೆ ಸಾಕು. ಅದಕ್ಕೂ ಮೀರಿದರೆ ಏರಿನಲ್ಲಿ ತುಳಿದ ಶಕ್ತಿಯನ್ನು ಸ್ಪ್ರಿಂಗೇ ನುಂಗಿಬಿಡಬಹುದು. ಮುಂಭಾಗದ ಫೋರ್ಕು ನೆಲದೊಡನೆ ಸುಮಾರು 64 ಡಿಗ್ರಿ ಕೋನದಲ್ಲಿ ಓರೆಯಾಗಿದ್ದರೆ ಕಡಿದಾದ ಇಳಿಜಾರಿನಲ್ಲಿ ಸವಾರನು ಮುಗ್ಗರಿಸುವ ಭಯ ಕಡಿಮೆ. ಗುಂಡಿಯೊತ್ತಿದೊಡನೆ ಕುಗ್ಗುವ ಸೀಟಿನ ಕಂಬ ಐಷಾರಾಮವಲ್ಲ, ಅಗತ್ಯ. ಎಲ್ಲಕ್ಕಿಂತ ಮಿಗಿಲಾಗಿ ಚೌಕಟ್ಟು ಮೈಯಳತೆಗೆ ಹೊಂದಬೇಕು. ಬಣ್ಣಕ್ಕೆ ಮರುಳಾಗಿ ಅಳತೆ ತಪ್ಪಿದ ಸೈಕಲ್ಲನ್ನು ತಂದವನಿಗೆ ಯಾವ ತಿರುಪೂ ನೆರವಾಗದು.

ಕೊಂಡ ಮೇಲೆ ಹದ ಮಾಡುವುದು. ಹೆಲ್ಮೆಟ್ಟು, ಮೊಣಕಾಲಿನ ಕವಚ, ನೀರು, ಸಾಮಾನು ಎಲ್ಲವನ್ನೂ ಹೊತ್ತು ಸೀಟಿನ ಮೇಲೆ ಕುಳಿತಾಗ ಹಿಂದಿನ ಸ್ಪ್ರಿಂಗು ತನ್ನ ಚಲನೆಯ ನೂರಕ್ಕೆ ಸುಮಾರು 30ರಷ್ಟು ಕುಗ್ಗಬೇಕು. ಶಾಕಿನ ದಂಡದ ಓಟ 60 ಮಿಲಿಮೀಟರ್ ಆಗಿದ್ದರೆ ಈ ಕುಗ್ಗು 18. ದಂಡದ ಮೇಲಿನ ರಬ್ಬರು ಉಂಗುರ ಅದನ್ನು ಹೇಳಿಕೊಡುತ್ತದೆ. ಗಾಳಿ ತುಂಬಿಯೋ ಬಿಟ್ಟೋ ಸರಿಪಡಿಸಬಹುದು. ಕುಗ್ಗಿದ ಸ್ಪ್ರಿಂಗು ಮರಳುವ ವೇಗವೂ ಮುಖ್ಯ. ಬೇಗ ಚಿಮ್ಮಿದರೆ ಕುದುರೆ ಒದ್ದಂತೆ ಸವಾರನನ್ನು ಎಸೆಯುತ್ತದೆ. ತಡವಾದರೆ ಒಂದು ಕಲ್ಲಿನಿಂದ ಚೇತರಿಸಿಕೊಳ್ಳುವ ಮುನ್ನ ಇನ್ನೊಂದು ಕಲ್ಲು ಬಡಿದು, ಕ್ರಮೇಣ ಕುಗ್ಗಿದಂತೆಯೇ ಉಳಿದು, ಸ್ಪ್ರಿಂಗಿದ್ದೂ ಇಲ್ಲದಂತಾಗುತ್ತದೆ. ಕಲ್ಲುದಾರಿಯಲ್ಲಿ ಕೈಸೋತವರು ಹಲವೊಮ್ಮೆ ತೋಳನ್ನು ಹಳಿಯುತ್ತಾರೆ. ತಪ್ಪು ಆ ಪುಟ್ಟ ತಿರುಪಿನದಾಗಿರಬಹುದು. ಒಂದು ಸಲಕ್ಕೆ ಒಂದನ್ನೇ ತಿರುಗಿಸಿ, ಅದೇ ಇಳಿಜಾರನ್ನು ಮತ್ತೆ ಇಳಿದು, ಫಲವನ್ನು ಬರೆದಿಟ್ಟುಕೊಳ್ಳುವವನೇ ಜಾಣ.

ಟೈರಿನೊಳಗೆ ಟ್ಯೂಬಿಲ್ಲ, ಸಣ್ಣ ತೂತುಗಳನ್ನು ತಾನಾಗಿ ಮುಚ್ಚುವ ದ್ರವವಿರುತ್ತದೆ. ಎಪ್ಪತ್ತು ಕಿಲೋ ತೂಕದವನಿಗೆ ಮುಂದೆ 22, ಹಿಂದೆ 25 ಪೌಂಡಿನ ಆಸುಪಾಸಿನಿಂದ ಆರಂಭಿಸಬಹುದು. ಕಡಿಮೆ ಗಾಳಿಗೆ ಹಿಡಿತ ಹೆಚ್ಚು, ಆದರೆ ಚೂಪುಗಲ್ಲಿಗೆ ರಿಮ್ಮು ಬಲಿ. ಈ ಲೋಭ ಪಂದ್ಯದಲ್ಲಿ ದುಬಾರಿ: ಆ ವಿಶ್ವ ಸರಣಿಯ ನಿಯಮದಂತೆ ಪಂದ್ಯಕ್ಕೆಲ್ಲ ಒಂದೇ ಚೌಕಟ್ಟು, ಒಂದೇ ಜೊತೆ ಗಾಲಿ ಬಳಸಬೇಕಿತ್ತು. ಆದ್ದರಿಂದಲೇ ಅನುಭವಿಗಳು ಪಂದ್ಯದ ಹಿಂದಿನ ಸಂಜೆ ಹೊಸ ಪ್ರಯೋಗಕ್ಕೆ ಕೈಹಾಕುವುದಿಲ್ಲ. ಬ್ರೇಕಿನ ಪ್ಯಾಡು ನೋಡಿ, ತಿರುಪುಗಳನ್ನು ಬಿಗಿದು, ಚೈನಿಗೆ ಎಣ್ಣೆ ಬಿಟ್ಟು ಮಲಗುತ್ತಾರೆ.