ಕಕ್ಕಡ ಹದಿನೆಂಟರ ಮದ್ದು ಸೊಪ್ಪು: ಹಿತ್ತಿಲಲ್ಲೂ ಬೆಳೆಯಬಹುದು

ಮಡಿಕೇರಿ: ಆಗಸ್ಟ್ 3 ಬಂತೆಂದರೆ ಕೊಡಗಿನ ಮನೆಮನೆಗಳಲ್ಲಿ ಕಡು ನೇರಳೆ ಬಣ್ಣದ ಪಾಯಸ ಸಿದ್ಧವಾಗುತ್ತದೆ. ಈ ಬಣ್ಣಕ್ಕೂ ಅದರ ವಿಶಿಷ್ಟ ಪರಿಮಳಕ್ಕೂ ಕಾರಣ ಮದ್ದು ಸೊಪ್ಪು. ಆಟಿ ಸೊಪ್ಪು ಎಂದೂ, ಕೊಡವ ಭಾಷೆಯಲ್ಲಿ ಮದ್ದ್ ತೊಪ್ಪು ಎಂದೂ ಕರೆಯಲಾಗುವ ಈ ಪೊದೆಗಿಡವನ್ನು ಆ ಒಂದು ದಿನ ಎಲ್ಲರೂ ಹುಡುಕುತ್ತಾರೆ. ಉಳಿದ ದಿನಗಳಲ್ಲಿ ಅದು ಬೇಲಿಯಂಚಿನ ಕಳೆಯಾಗಿ ಕತ್ತಿಗೆ ಬಲಿಯಾಗುತ್ತದೆ. ಬೇಕಾದಾಗ ಸೊಪ್ಪು ಸಿಗಬೇಕಿದ್ದರೆ ಗಿಡವನ್ನು ವರ್ಷವಿಡೀ ಉಳಿಸಿಕೊಳ್ಳುವುದು ಅಗತ್ಯ.

ಹದಿನೆಂಟರ ನಂಬಿಕೆ

ಜುಲೈ ಮಧ್ಯಭಾಗದಿಂದ ಆಗಸ್ಟ್ ಮಧ್ಯಭಾಗದವರೆಗಿನ ಅವಧಿ ಕೊಡವರ ಕಕ್ಕಡ ತಿಂಗಳು. ಬಿಡದೆ ಸುರಿಯುವ ಮಳೆ, ಮೈ ಕೊರೆಯುವ ಚಳಿ, ಗದ್ದೆಯಲ್ಲಿ ನಾಟಿಯ ಕೆಲಸ. ಕಣಿಲೆ, ಅಣಬೆ, ಏಡಿ, ಮರಕೆಸ ಈ ಕಾಲದ ಆಹಾರ. ತಿಂಗಳ ಮೊದಲ ದಿನದಿಂದ ದಿನಕ್ಕೊಂದರಂತೆ ಔಷಧಿಯ ಗುಣ ಈ ಗಿಡವನ್ನು ಸೇರುತ್ತಾ, 18ನೇ ದಿನಕ್ಕೆ 18 ಬಗೆಯ ಮದ್ದು ತುಂಬುತ್ತದೆ ಎಂಬುದು ಹಿರಿಯರ ನಂಬಿಕೆ. ಅದೇ 'ಕಕ್ಕಡ ಪದಿನೆಟ್ಟ್'.

ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯಂದು ಕುಡಿಯುವುದು ಪಾಲೆ ಮರದ ತೊಗಟೆಯ ಕಷಾಯ. ಹೆಸರು ಹತ್ತಿರವಿದ್ದರೂ ಅದಕ್ಕೂ ಮದ್ದು ಸೊಪ್ಪಿಗೂ ಸಂಬಂಧವಿಲ್ಲ.

ಆಡುಸೋಗೆಯ ಬಂಧು

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ನೆರೆಯ ವಯನಾಡಿನ ಹೆಸರನ್ನೇ ಹೊತ್ತಿರುವ ಈ ಸಸ್ಯ ಪಶ್ಚಿಮಘಟ್ಟಕ್ಕೆ ಸೀಮಿತವಾದುದು. ಕೆಮ್ಮಿನ ಮದ್ದಾಗಿ ಹೆಸರಾದ ಆಡುಸೋಗೆಯೂ ಇದೇ ಜಸ್ಟೀಸಿಯಾ ಕುಲದ್ದು; ಕುರಿಂಜಿ ಇದೇ ಅಕ್ಯಾಂಥೇಸಿ ಕುಟುಂಬದ್ದು. ಕಾಂಡದ ಗಿಣ್ಣುಗಳು ಉಬ್ಬಿರುತ್ತವೆ. ಉದ್ದನೆಯ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಹೂವು ಚಿಕ್ಕದು, ಎರಡು ತುಟಿಗಳ ಆಕಾರದ್ದು. ಕಾಡಿನಂಚು, ತೊರೆಯ ಬದಿ, ಕಾಫಿ ತೋಟದ ನೆರಳು ಇದಕ್ಕೆ ಒಗ್ಗುವ ತಾಣಗಳು.

ಹಸಿರು ಎಲೆ, ನೇರಳೆ ರಸ

ಎಲೆ ಹಾಗೂ ಎಳೆಯ ಕಾಂಡಗಳನ್ನು ತೊಳೆದು ನೀರಿನಲ್ಲಿ ಚೆನ್ನಾಗಿ ಕುದಿಸಬೇಕು. ಹಸಿರು ಎಲೆಯಿಂದ ನೇರಳೆ ರಸ ಇಳಿಯುತ್ತದೆ. ಅದನ್ನು ಸೋಸಿ, ಅದರಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಕಾಯಿ ಸೇರಿಸಿದರೆ ಮದ್ದ್ ಪಾಯಸ. ಅಕ್ಕಿ ತರಿಯನ್ನು ಬೇಯಿಸಿ ತಟ್ಟೆಯಲ್ಲಿ ಹರಡಿ ತುಂಡು ಮಾಡಿದರೆ ಮದ್ದ್ ಪುಟ್ಟ್. ಇದಕ್ಕೆ ಜೇನು ಅಥವಾ ತುಪ್ಪ ಜೊತೆ. ತಿಂದ ಬಳಿಕ ಮೂತ್ರ ಕೆಂಪಾಗುವುದುಂಟು. ಮೊದಲ ಬಾರಿ ಸವಿಯುವವರು ಇದರಿಂದ ಗಾಬರಿಗೊಳ್ಳಬೇಕಿಲ್ಲ. ಅದು ಸೊಪ್ಪಿನ ಬಣ್ಣವಷ್ಟೆ.

ಸೊಪ್ಪಿನ ಸಾರದಲ್ಲಿ ಫೀನಾಲಿಕ್ ಹಾಗೂ ಫ್ಲೇವನಾಯ್ಡ್ ಸಂಯುಕ್ತಗಳಿರುವುದನ್ನು, ಅದಕ್ಕೆ ಉತ್ಕರ್ಷಣ ನಿರೋಧಕ ಗುಣವಿರುವುದನ್ನು ಪ್ರಯೋಗಾಲಯದ ಅಧ್ಯಯನಗಳು ಗುರುತಿಸಿವೆ. ಹಾಗೆಂದು ಇದು ಯಾವುದೇ ರೋಗಕ್ಕೆ ಚಿಕಿತ್ಸೆ ಎಂದು ಭಾವಿಸುವಂತಿಲ್ಲ. ವೈದ್ಯರು ಕೊಟ್ಟ ಔಷಧಿಯನ್ನು ಬಿಟ್ಟು ಇದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ.

ಬೆಳೆಸುವುದು ಹೇಗೆ?

ಮದ್ದು ಸೊಪ್ಪನ್ನು ಬೆಳೆಸಲು ಬೀಜಕ್ಕಾಗಿ ಕಾಯಬೇಕಿಲ್ಲ. ಮೂರು ನಾಲ್ಕು ಗಿಣ್ಣುಗಳಿರುವ ಬಲಿತ ಕಾಂಡವನ್ನು ಮಳೆಗಾಲದಲ್ಲಿ ಕತ್ತರಿಸಿ, ಕೆಳಗಿನ ಎರಡು ಗಿಣ್ಣು ಮಣ್ಣಿನೊಳಗಿರುವಂತೆ ನೆಟ್ಟರೆ ಬೇರೊಡೆಯುತ್ತದೆ. ಸಾವಯವ ಗೊಬ್ಬರ ಬೆರೆತ, ನೀರು ನಿಲ್ಲದ ತೇವದ ಮಣ್ಣು ಹಾಗೂ ಅರೆನೆರಳು ಇರಬೇಕು. ಹಿತ್ತಿಲ ಬೇಲಿ, ಬಚ್ಚಲ ನೀರು ಹರಿಯುವ ಬದಿ ಸೂಕ್ತ. ನಗರವಾಸಿಗಳು ದೊಡ್ಡ ಕುಂಡದಲ್ಲಿಯೂ ಬೆಳೆಸಬಹುದು. ಬೇಸಿಗೆಯಲ್ಲಿ ನೀರು ತಪ್ಪಿಸಬಾರದು.

ಕೊಯ್ಯುವಾಗ ಗಿಡವನ್ನು ಬೇರುಸಹಿತ ಕೀಳದೆ ಮೇಲಿನ ರೆಂಬೆಗಳನ್ನಷ್ಟೇ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ತೋಟದಲ್ಲಿ ಕಳೆನಾಶಕ ಸಿಂಪಡಿಸಿದ ಜಾಗದ ಸೊಪ್ಪನ್ನು ಅಡುಗೆಗೆ ಬಳಸಲೇಬಾರದು. ಗಿಡದ ಗುರುತು ಖಚಿತವಿಲ್ಲದವರು ತಿಳಿದವರಿಗೆ ತೋರಿಸಿಯೇ ಕೊಯ್ಯಬೇಕು.

ಹಬ್ಬದ ಹಿಂದಿನ ದಿನ ಹೆಂಗಳೆಯರು, ಮಕ್ಕಳು ತೋಟದಂಚಿನಲ್ಲಿ ಹುಡುಕಿ ತರುತ್ತಿದ್ದ ಸೊಪ್ಪು ಇಂದು ಪೇಟೆಯಲ್ಲಿ ಕಟ್ಟುಗಳಾಗಿ ಮಾರಾಟವಾಗುತ್ತಿದೆ. ಬೆಂಗಳೂರಿನಲ್ಲಿ ನೆಲೆಸಿದ ಕೊಡಗಿನವರಿಗೂ ತಲುಪುತ್ತಿದೆ. ಬೇಡಿಕೆಯೇನೋ ಇದೆ. ಅಡುಗೆಗೆ ತಂದ ಕಟ್ಟಿನಿಂದ ನಾಲ್ಕು ಕಡ್ಡಿಗಳನ್ನು ತೆಗೆದಿಟ್ಟು ನೆಟ್ಟರೆ, ಮುಂದಿನ ಕಕ್ಕಡಗಳಿಗೆ ಸೊಪ್ಪು ಮನೆಯಂಗಳದಲ್ಲೇ ದೊರೆಯುತ್ತದೆ.